ಧನ್ಯವಾದದ ಭಟ್ರು

ಪುಸ್ತಕ ಬಿಡುಗಡೆಯ ಸಭೆಯಲ್ಲಿ ಕೊನೆಯ ತನಕ ಕೂರಲೇಬೇಕಾದವರು ಇಬ್ಬರೇ. ಒಬ್ಬ ಧನ್ಯವಾದ ಹೇಳುವವನು, ಇನ್ನೊಬ್ಬ ಮೈಕಿನವನು. ಉಳಿದವರೆಲ್ಲ ಅಧ್ಯಕ್ಷರ ಭಾಷಣ ಮುಗಿಯುವ ಮೊದಲೇ ಚಪ್ಪಲಿಗೆ ಕಾಲು ತೂರಿಸಿಕೊಂಡು ಊಟದ ಕಡೆಗೆ ಮುಖ ಮಾಡಿರುತ್ತಾರೆ. ಮೈಕಿನವನು ನಾನು. ಹೆಸರು ಇಲ್ಯಾಸ್, ಕಂಕನಾಡಿಯಲ್ಲಿ ಸೌಂಡ್ಸ್ ಅಂಗಡಿ. ಮದುವೆ, ಮೆಹಂದಿ, ಉರೂಸು, ಭಜನೆ, ಚುನಾವಣೆ, ಯಾರು ಕರೆದರೂ ಹೋಗುತ್ತೇನೆ. ಆದರೆ ಪುಸ್ತಕದ ಸಭೆಗೆ ಕರೆಯದಿದ್ದರೂ ಹೋಗಬೇಕು ಅನಿಸುವಷ್ಟು ರುಚಿ ಹಿಡಿಸಿದವರು ಧನ್ಯವಾದ ಹೇಳುವ ಕೃಷ್ಣರಾಜ ಭಟ್ರು. ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಭಟ್ರು ಕೊಡಿಯಾಲ್‌ಬೈಲಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಮದುವೆಯಾಗಲಿಲ್ಲ. ಕಂಕನಾಡಿಯಲ್ಲಿ ಒಂದು ಬಾಡಿಗೆ ಕೋಣೆ, ಕೋಣೆಯ ತುಂಬ ಪುಸ್ತಕ, ಮಲಗಲು ಉಳಿದ ಜಾಗದಲ್ಲಿ ಚಾಪೆ. ನಗರದ ಹೊರಗೆ ಅವರ ಮನೆತನದ ಒಂದು ಸಣ್ಣ ಗಣಪತಿ ದೇವಸ್ಥಾನವಿದೆ. ಅಪ್ಪ ಅಲ್ಲಿ ಅರ್ಚಕರಾಗಿದ್ದರು, ಈಗ ಅಣ್ಣ. ವರ್ಷಕ್ಕೊಂದು ತಿಂಗಳು ಮಾತ್ರ ಪೂಜೆಯ ಸರದಿ ಭಟ್ರಿಗೆ. ಆಗ ಕಾಲೇಜಿಗೆ ರಜೆ ಹಾಕಿ ಹೋಗಿ ಅಣ್ಣನ ಮನೆಯಲ್ಲೇ ಇದ್ದು ಪೂಜೆ ಮಾಡುತ್ತಾರೆ. ಕಾಲೇಜಿನಲ್ಲಿ ಅವರನ್ನು ಹುಡುಗರು 'ಏ ಭಟ್ರೇ, ಆ ಫಾರಂ ಎಲ್ಲಿ' ಎಂದು ಕರೆಯುತ್ತಾರೆ. ಆ ಒಂದು ತಿಂಗಳು ಮಾತ್ರ ಊರಿನ ದೊಡ್ಡ ದೊಡ್ಡ ಜನ ಬಂದು ಅವರ ಮುಂದೆ ಬಗ್ಗಿ ಪ್ರಸಾದಕ್ಕೆ ಕೈ ಒಡ್ಡುತ್ತಾರೆ. ಆ ತಿಂಗಳಿಗಾಗಿಯೇ ಉಳಿದ ವರ್ಷವನ್ನು ಹೇಗೋ ನೂಕುತ್ತೇನೆ ಎಂದು ಅವರೇ ನನ್ನ ಹತ್ತಿರ ಹೇಳಿದ್ದುಂಟು.

ಉಳಿದ ವರ್ಷವನ್ನು ನೂಕಲು ಅವರಿಗೆ ಇದ್ದದ್ದು ಪುಸ್ತಕದ ಸಭೆಗಳು. ಮಂಗಳೂರಿನಲ್ಲಿ ಭಾನುವಾರ ಬಂದರೆ ಎಲ್ಲಾದರೊಂದು ಕಡೆ ಯಾರಾದರೊಬ್ಬರ ಪುಸ್ತಕ ಬಣ್ಣದ ಕಾಗದದಿಂದ ಹೊರಗೆ ಬರುತ್ತಲೇ ಇರುತ್ತದೆ. ಬೆಳಗ್ಗಿನ ಸಭೆಯಾದರೆ ಮೊದಲು ಬನ್ಸ್ ಮತ್ತು ಚಾ, ಸಂಜೆಯದಾದರೆ ಗೋಳಿಬಜೆ, ಕವಿ ಸ್ವಲ್ಪ ಅನುಕೂಲಸ್ಥನಾದರೆ ಮಧ್ಯಾಹ್ನದ ಊಟ. ಭಟ್ರು ತಿಂಡಿಗೋಸ್ಕರ ಬರುತ್ತಾರೆ ಎಂದು ಹಿಂದಿನಿಂದ ನಗುವವರಿದ್ದರು. ಶುದ್ಧ ಸುಳ್ಳು. ಎಲ್ಲರೂ ತಟ್ಟೆ ಹಿಡಿದಾಗ ಅವರು ವೇದಿಕೆಯ ಪಕ್ಕದಲ್ಲಿ ನಿಂತು, ಹೇಳಬೇಕಾದ ಹೆಸರುಗಳನ್ನು ತುಟಿಯಲ್ಲೇ ಬಾಯಿಪಾಠ ಮಾಡುತ್ತಿರುತ್ತಿದ್ದರು. ಧನ್ಯವಾದದಲ್ಲಿ ಒಂದು ಹೆಸರು ಬಿಟ್ಟುಹೋದರೆ ನಮ್ಮ ಊರಿನಲ್ಲಿ ಸಂಬಂಧವೇ ಕಡಿದುಹೋಗುತ್ತದೆ. ಅದಕ್ಕೇ ಆ ಕೆಲಸ ಯಾರಿಗೂ ಬೇಡ. ವೇದಿಕೆಯಲ್ಲಿ ಕುರ್ಚಿಯೂ ಇಲ್ಲದ, ಆಮಂತ್ರಣದ ಕೊನೆಯ ಗೆರೆಯಲ್ಲಿ ಸಣ್ಣ ಅಕ್ಷರದಲ್ಲಿ ಬೀಳುವ ಆ ಕೆಲಸ ತಾನಾಗಿಯೇ ಭಟ್ರ ಕುತ್ತಿಗೆಗೆ ಬಂತು.

ನಮ್ಮ ಪರಿಚಯವಾದದ್ದೂ ಧನ್ಯವಾದದಿಂದಲೇ. ನಾನು ಈ ಕೆಲಸಕ್ಕೆ ಇಳಿದ ಮೇಲೆ ಎಷ್ಟೋ ಸಭೆಗಳಲ್ಲಿ 'ಮೈಕಿನವರಿಗೆ' ಎಂಬ ಒಂದೇ ಮಾತಿನಲ್ಲಿ ನನ್ನನ್ನು ಮುಗಿಸಿದ್ದರು. ಒಂದು ಭಾನುವಾರ ಈ ಮನುಷ್ಯ ಎದ್ದು ನಿಂತು, 'ಇಷ್ಟು ಹೊತ್ತು ನಮ್ಮೆಲ್ಲರ ಸ್ವರವನ್ನು ಕಾಪಾಡಿದ ಶ್ರೀ ಇಲ್ಯಾಸ್ ಅವರಿಗೆ' ಎಂದರು. ನಾನು ವಯರು ಸುತ್ತುತ್ತಿದ್ದವನು ಹಾಗೆಯೇ ನಿಂತುಬಿಟ್ಟೆ. ಹಾಲ್‌ನಲ್ಲಿ ಕುರ್ಚಿಗಳನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ, ಆದರೂ ನನ್ನ ಹೆಸರು ನನ್ನದೇ ಸ್ಪೀಕರಿನಿಂದ ಬಂದದ್ದು ಅದೇ ಮೊದಲು.

ಆ ದಿನ ಅವರು ಧನ್ಯವಾದ ಮುಗಿಸಿ ಹೊರಗೆ ಬರುವಾಗ ಊಟದ ಪಾತ್ರೆಗಳೆಲ್ಲ ಖಾಲಿ. ಅಡಿಗೆಯವರು ಬಾಲ್ದಿ ತೊಳೆಯುತ್ತಿದ್ದರು. ಭಟ್ರು ನಗುತ್ತಾ ಒಂದು ಲೋಟ ನೀರು ಕುಡಿದರು. ನನಗೆ ಪಾಪ ಅನಿಸಿತು. "ತೊಕ್ಕೊಟ್ಟಿನಲ್ಲಿ ನನ್ನ ಅಕ್ಕನ ಹೋಟೆಲುಂಟು, ಗಂಜಿ ಊಟ. ನೀವು ಬರ್ಲಿಕ್ಕಿಲ್ಲ, ಆದ್ರೂ ಕೇಳ್ತೇನೆ" ಎಂದೆ. ಅವರು ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು. "ಗಂಜಿಗೆ ಉಪ್ಪಿನಕಾಯಿ ಉಂಟಾ?" ಎಂದು ಕೇಳಿದರು. ನಾವು ಮಾತಾಡಿದ್ದು ತುಳುವಿನಲ್ಲಿ, ಯಾವಾಗಲೂ ತುಳುವಿನಲ್ಲೇ. ಬರೆಯುವಾಗ ಮಾತ್ರ ಕನ್ನಡ.

ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಜಂಕ್ಷನ್‌ನಿಂದ ಸ್ವಲ್ಪ ಒಳಗೆ ಹೋದರೆ ನನ್ನ ಅಕ್ಕ ಹಲೀಮಾಳ ಮನೆ. ಭಾವ ತೀರಿಕೊಂಡ ಮೇಲೆ ಎದುರಿನ ಕೋಣೆಗೆ ಎರಡು ಬೆಂಚು ಹಾಕಿ ಹೋಟೆಲು ಶುರುಮಾಡಿದಳು. ಕುಚ್ಚಲಕ್ಕಿ ಗಂಜಿ, ಚಟ್ನಿ, ಮೀನು ಸಾರು. ಲೋಡಿಂಗಿನವರು, ಬಸ್ಸಿನ ಕಂಡಕ್ಟರರು, ಆಸ್ಪತ್ರೆಗೆ ಬಂದ ದೂರದ ಊರಿನವರು ಹೊಟ್ಟೆ ತುಂಬ ಉಂಡು ಹೋಗುವಷ್ಟು ಅಗ್ಗ. ಜುಟ್ಟು ಕಟ್ಟಿ ಜನಿವಾರ ಹಾಕಿದ ಒಬ್ಬ ಭಟ್ರು ಬಂದು ಬೆಂಚಿನ ತುದಿಯಲ್ಲಿ ಕೂತಾಗ ಅಕ್ಕ ನನ್ನನ್ನು ಒಳಗೆ ಕರೆದು, "ನಿನಗೆ ತಲೆ ಸರಿ ಉಂಟಾ? ಇಲ್ಲಿ ಎಲ್ಲದಕ್ಕೂ ಮೀನಿನ ಕೈ ತಾಗಿದೆ" ಎಂದಳು. ಆಮೇಲೆ ಹಿತ್ತಿಲಿನಿಂದ ಬಾಳೆಲೆ ಕೊಯ್ದು ತಂದಳು, ಮನೆಯಲ್ಲಿ ಹಾಲು ಕಾಯಿಸುವ ಪಾತ್ರೆಯನ್ನು ಬೂದಿ ಹಾಕಿ ತೊಳೆದು, ಅದರಲ್ಲಿ ಬೇರೆಯೇ ಅಕ್ಕಿ ಹಾಕಿ ಗಂಜಿ ಮಾಡಿದಳು. ಅಷ್ಟು ಹೊತ್ತು ಭಟ್ರು ಕಾದರು. ಉಂಡರು. ಎಲೆಯನ್ನು ತಾವೇ ಮಡಚಿ ತೆಗೆದು ಹೊರಗೆ ಹಾಕಿದರು.

ಮುಂದಿನ ವಾರ ಅಕ್ಕ ಪೇಟೆಗೆ ಹೋಗಿ ಹೊಸ ಸ್ಟೀಲಿನ ಪಾತ್ರೆಯೊಂದನ್ನೂ ಸೌಟನ್ನೂ ತಂದಳು. ಒಲೆಯಿಂದ ದೂರ, ಬೇರೆಯೇ ಮೊಳೆಯಲ್ಲಿ ಅದನ್ನು ತೂಗುಹಾಕಿದಳು. ಅದನ್ನು ಯಾರೂ ಮುಟ್ಟುವಂತಿಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದ ಮಗ ಅಝರ್ ಒಮ್ಮೆ ಅದರಲ್ಲಿ ಮೊಟ್ಟೆ ಬೇಯಿಸಲು ಹೊರಟು ಬೈಸಿಕೊಂಡ. "ಅದು ಭಟ್ರದ್ದು, ಇಡು ಅಲ್ಲಿ" ಎಂದಳು ಅಕ್ಕ. ಮಗನನ್ನು ಎರಡು ವರ್ಷದ ನಂತರ ಕಂಡದ್ದು, ಆದರೂ ಬಿಡಲಿಲ್ಲ.

ಹೀಗೆ ನಮ್ಮ ಭಾನುವಾರಗಳು ಹುಟ್ಟಿಕೊಂಡವು. ಸಭೆ ಮುಗಿಸಿ, ಸಾಮಾನಿನ ಗಾಡಿಯನ್ನು ಅಂಗಡಿಯಲ್ಲಿ ಬಿಟ್ಟು, ಬಸ್ಸಿನಲ್ಲಿ ತೊಕ್ಕೊಟ್ಟಿಗೆ. ದಾರಿಯುದ್ದಕ್ಕೂ ಭಟ್ರು ಆ ದಿನದ ಪುಸ್ತಕದ ಬಗ್ಗೆ ಹೇಳುತ್ತಿದ್ದರು. ವೇದಿಕೆಯಲ್ಲಿ ಹೊಗಳಿದ್ದೆಲ್ಲ ಒಂದು, ಬಸ್ಸಿನಲ್ಲಿ ಇವರು ಹೇಳುವುದು ಇನ್ನೊಂದು. "ಕವಿತೆ ಎಂತ ಮಾರಾಯ, ಹಲ್ಲುನೋವಿನವ ಮಾತಾಡಿದ ಹಾಗೆ ಉಂಟು" ಎಂದು ಒಮ್ಮೆ ಹೇಳಿದಾಗ ನಾನು ನಕ್ಕ ಸದ್ದಿಗೆ ಕಂಡಕ್ಟರ್ ತಿರುಗಿ ನೋಡಿದ್ದ. ಹೋಟೆಲಿನಲ್ಲಿ ನಾನು ಬಂಗುಡೆ ಮೀನು ಮುರಿಯುತ್ತಾ, "ಒಂದು ತುಂಡು ಹಾಕ್ಲಾ ಭಟ್ರೇ?" ಎಂದು ಕೆಣಕಿದರೆ, "ಬೇಡ, ಪರಿಮಳ ಸಾಕು, ಅದಕ್ಕೆ ಬಿಲ್ಲಿಲ್ಲ" ಎನ್ನುತ್ತಿದ್ದರು. ಮೀನು ಅವರು ಮುಟ್ಟಿದವರಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಪೂಜೆಯ ಸರದಿಯ ತಿಂಗಳು ಅವರು ನಮ್ಮ ಕಡೆ ತಲೆ ಹಾಕುತ್ತಿರಲಿಲ್ಲ. ಸರದಿ ಮುಗಿದ ಮರುದಿನ ಮಧ್ಯಾಹ್ನ ತಪ್ಪದೆ ಬರುತ್ತಿದ್ದರು. ಅಕ್ಕ ಆ ದಿನ ಗಂಜಿಗೆ ತಿಮರೆ, ಅಂದರೆ ಒಂದೆಲಗದ ಚಟ್ನಿ ಮಾಡಿಡುತ್ತಿದ್ದಳು.

"ನಿಮ್ಮ ಅಣ್ಣನಿಗೆ ಗೊತ್ತುಂಟಾ, ಇಲ್ಲಿ ಉಣ್ಣುದು?" ಎಂದು ನಾನೊಮ್ಮೆ ಕೇಳಿದೆ.

"ಗೊತ್ತಾದ್ರೆ ಸರದಿ ಹೋಗ್ತದೆ" ಎಂದರು ಭಟ್ರು. "ಗೊತ್ತಾಗುದು ಹೇಗೆ? ನೀನು ಹೇಳ್ತೀಯಾ, ಹಲೀಮಕ್ಕ ಹೇಳ್ತಾರಾ?"

ನಾವಿಬ್ಬರೂ ಹೇಳಲಿಲ್ಲ. ಹೇಳಿದ್ದು ಪುಸ್ತಕ.

ವಿಭವ ಎಂಬ ಲೇಖಕ ನಮ್ಮ ಊರಿನವನೇ. ಪತ್ರಿಕೆಗಳಲ್ಲಿ ಬರೆಯುತ್ತಾನೆ, ಗಡ್ಡ ಬಿಟ್ಟಿದ್ದಾನೆ, ಖಾದಿ ಹಾಕುತ್ತಾನೆ, ಮಾತು ಬಹಳ ಮೃದು. ಒಂದು ಸಭೆಯಲ್ಲಿ ಭಟ್ರ ಧನ್ಯವಾದ ಮುಗಿಯುವ ತನಕ ಆತನೊಬ್ಬ ಮುಂದಿನ ಸಾಲಿನಲ್ಲಿ ಕೂತಿದ್ದ. ಮುಗಿದ ಮೇಲೆ ಎದ್ದು ಬಂದು ಭಟ್ರ ಕೈ ಹಿಡಿದು, "ಸರ್, ಇವತ್ತಿನ ಎಲ್ಲ ಭಾಷಣಕ್ಕಿಂತ ನಿಮ್ಮ ಧನ್ಯವಾದವೇ ಸಾಹಿತ್ಯ" ಎಂದ. ಅಷ್ಟು ಸಾಕಾಯಿತು. ಇಷ್ಟು ವರ್ಷ ಎಲ್ಲರಿಗೂ ಧನ್ಯವಾದ ಹೇಳಿದ ಮನುಷ್ಯನಿಗೆ ಯಾರೋ ಒಬ್ಬ ತಿರುಗಿ ಹೇಳಿದ್ದು. ಭಟ್ರ ಮುಖ ನೋಡಬೇಕಿತ್ತು. ಅದೇ ಗುಂಗಿನಲ್ಲಿ, "ಬನ್ನಿ, ನಮ್ಮ ಜೊತೆ ಊಟಕ್ಕೆ ಬನ್ನಿ, ಒಂದು ಜಾಗ ತೋರಿಸ್ತೇನೆ" ಎಂದುಬಿಟ್ಟರು. ನಾನು ಹಿಂದಿನಿಂದ ಅಂಗಿ ಎಳೆದೆ. "ನಮ್ಮವರೇ ಮಾರಾಯ, ಬರೆಯುವವರು" ಎಂದರು. ಬರೆಯುವವರು ಎಂದೇ ನಾನು ಅಂಗಿ ಎಳೆದದ್ದು.

ವಿಭವ ಬಂದ. ಬಾಳೆಲೆಯನ್ನು ನೋಡಿದ, ಬೇರೆ ಪಾತ್ರೆಯನ್ನು ನೋಡಿದ, ಅದರ ಕಥೆಯನ್ನು ಅಕ್ಕನ ಬಾಯಿಯಿಂದಲೇ ಕೇಳಿದ. ತಾನು ಮಾತ್ರ ಮೀನು ಊಟ ಮಾಡಿದ. ಹೋಗುವಾಗ ಅಕ್ಕನ ಕಾಲು ಮುಟ್ಟಲು ಬಗ್ಗಿದಾಗ ಅವಳು ಹೆದರಿ ಹಿಂದೆ ಸರಿದಳು.

ಕೆಲವು ತಿಂಗಳು ಕಳೆದ ಮೇಲೆ ಅವನ ಪುಸ್ತಕ ತಯಾರಾಯಿತು. ಮಂಗಳೂರಿನ ಅಗ್ಗದ ಊಟದ ಹೋಟೆಲುಗಳ ಮೇಲೆ. ಬಿಡುಗಡೆಗೆ ಮೊದಲು ಜನರಿಗೆ ಆಸೆ ಹುಟ್ಟಿಸಲು ಒಂದು ಪುಟವನ್ನು ಫೋನಿನಲ್ಲಿ ಹರಿಯಬಿಟ್ಟ. ಯಾವ ಪುಟ ಎಂದು ಬೇರೆ ಹೇಳಬೇಕೇ? ಗಣಪತಿ ದೇವಸ್ಥಾನದ ಅರ್ಚಕರ ಮನೆತನದ ಕೃಷ್ಣರಾಜ ಭಟ್ರು ಬ್ಯಾರಿ ಮುಸ್ಲಿಂ ಹೆಂಗಸೊಬ್ಬಳ ಬೆಂಚಿನಲ್ಲಿ ಕೂತು, ಅವಳು ಬಡಿಸಿದ ಬಂಗುಡೆಯ ಮುಳ್ಳನ್ನು ಚೀಪುತ್ತಾ ಸಾಹಿತ್ಯ ಮಾತಾಡುತ್ತಾರಂತೆ. ಆ ಮುಳ್ಳಿನ ಮುಂದೆ ಈ ಊರಿನ ಎಲ್ಲ ಗೋಡೆಗಳೂ ಸೋತಿವೆಯಂತೆ. ಬಾಳೆಲೆ ಇಲ್ಲ, ಬೇರೆ ಪಾತ್ರೆ ಇಲ್ಲ. ಹೆಸರು ಮಾತ್ರ ನಮ್ಮ ಮೂವರದ್ದೂ ಉಂಟು, ಇದ್ದ ಹಾಗೆ.

ಆ ಪುಟ ಮಧ್ಯಾಹ್ನದೊಳಗೆ ಭಟ್ರ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿ ಬಿತ್ತು. ಸಂಜೆ ಅವರ ಅತ್ತಿಗೆ ನೀರಜಾಕ್ಷಿ ಫೋನು ಮಾಡಿದರು. ಭಟ್ರು ನನ್ನ ಅಂಗಡಿಯಲ್ಲೇ ಇದ್ದರು, ಅತ್ತಿಗೆಯ ಸ್ವರ ನನಗೂ ಕೇಳುತ್ತಿತ್ತು.

"ದೇವರನ್ನು ಮುಟ್ಟುವ ಕೈಯಲ್ಲಿ ಮೀನು ತಿಂದದ್ದು ಹೌದಾ, ಅಲ್ಲವಾ? ಅಷ್ಟು ಹೇಳಿ."

"ಇಲ್ಲ ಅತ್ತಿಗೆ, ಮೀನು ಮುಟ್ಟಲಿಲ್ಲ."

"ಹಾಗಾದ್ರೆ ಅಲ್ಲಿಗೆ ಹೋದದ್ದು ಹೌದು."

ಆಮೇಲೆ ಅಣ್ಣ ಫೋನು ತೆಗೆದುಕೊಂಡರು. ಅವರು ಕೂಗಾಡುವವರಲ್ಲ. ಮುಂದಿನ ತಿಂಗಳು ನಿನ್ನ ಸರದಿ, ಈಗಲೇ ಊರವರು ಬಂದು ಕೇಳಿ ಹೋಗಿದ್ದಾರೆ, ಅದೆಲ್ಲ ಸುಳ್ಳು ಎಂದು ನನ್ನ ಹತ್ತಿರ ಹೇಳಿದರೆ ಸಾಲದು, ಯಾವ ವೇದಿಕೆಯಲ್ಲಿ ಆ ಪುಸ್ತಕ ಬಿಡುಗಡೆ ಆಗ್ತದೋ ಅಲ್ಲೇ ಹೇಳು, ನಾನು ನಾಲ್ಕು ಜನರನ್ನು ಕರಕೊಂಡು ಬರ್ತೇನೆ, ಇಲ್ಲದಿದ್ದರೆ ಸರದಿಯ ಆಸೆ ಬಿಡು ಎಂದರು. ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದರು.

ನಾನು ವಿಭವನನ್ನು ಹುಡುಕಿಕೊಂಡು ಹೋದೆ. ನನ್ನ ಸಿಟ್ಟು ನನಗೇ ಗೊತ್ತಿರುವುದರಿಂದ ದಾರಿಯಲ್ಲಿ ಒಂದು ಚಾ ಕುಡಿದು ಹೋದೆ. ಉಪಯೋಗ ಆಗಲಿಲ್ಲ.

"ನೀವು ಕಣ್ಣಾರೆ ನೋಡಿದ್ದೀರಿ, ಅವರು ಮೀನು ತಿನ್ಲಿಲ್ಲ. ಯಾಕೆ ಬರೆದದ್ದು?" ಎಂದೆ.

"ಇಲ್ಯಾಸ್ ಭಾಯ್, ಅದು ಬರವಣಿಗೆ. ಗಂಜಿ ಉಪ್ಪಿನಕಾಯಿ ಅಂದ್ರೆ ಓದುವವನಿಗೆ ಎಂತ ಸಿಗ್ತದೆ? ಮೀನು ಬಂದಾಗ ಅಲ್ವಾ ಗೋಡೆ ಬೀಳುದು?"

"ಬೀಳುವ ಗೋಡೆ ಭಟ್ರ ತಲೆ ಮೇಲೆ ಬಿತ್ತು ಮಾರಾಯ್ರೆ. ಪಾತ್ರೆಯ ವಿಷಯ ಆದ್ರೂ ಬರೀಬಹುದಿತ್ತಲ್ಲ?"

ಅವನು ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದ. "ಬೇರೆ ಪಾತ್ರೆ ಅಂದ್ರೆ ಅದು ಮಡಿ ಮೈಲಿಗೆ ಆಗ್ತದೆ ಭಾಯ್. ಅದನ್ನು ಬರೆದ್ರೆ ನಿಮ್ಮ ಅಕ್ಕನಿಗೇ ಅವಮಾನ. ನಿಮ್ಮ ಸ್ನೇಹ ಸಮಾಜಕ್ಕೆ ಮಾದರಿ, ಅದನ್ನು ಸಣ್ಣದು ಮಾಡ್ಬೇಡಿ" ಎಂದ. ಅಚ್ಚಾದ ಪ್ರತಿಗಳ ಕಟ್ಟುಗಳು ಅವನ ಹಿಂದೆ ಗೋಡೆಯ ಹಾಗೆಯೇ ಪೇರಿಸಿದ್ದವು. ನನ್ನ ಅಕ್ಕ ಒಬ್ಬ ಮನುಷ್ಯನ ನಿಷ್ಠೆ ಕೆಡಬಾರದೆಂದು ಬೂದಿ ಹಾಕಿ ತಿಕ್ಕಿ ತೊಳೆದದ್ದು ಇವನಿಗೆ ಅವಮಾನವಾಗಿ ಕಂಡಿತು. ಅವಳಿಗೆ ಹಾಗೆ ಕಂಡಿತ್ತೋ ಎಂದು ಕೇಳುವ ವ್ಯವಧಾನ ಇವನಿಗೆ ಇರಲಿಲ್ಲ. ಓದಿದವರ ಪ್ರೀತಿಗೆ ಇಷ್ಟು ಅವಸರ ಯಾಕೋ.

ಮೇಲಿಂದ ಅವನ ಎರಡು ಬೇಡಿಕೆ. ಬಿಡುಗಡೆಯ ದಿನ ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರಂತೆ. ಧನ್ಯವಾದ ಭಟ್ರೇ ಹೇಳಬೇಕಂತೆ, ಅದರಲ್ಲಿ ಒಂದು ಅರ್ಥ ಇದೆಯಂತೆ. ಮೈಕು ಹೇಗೂ ನನ್ನದೇ.

ನಾನೂ ಭಟ್ರೂ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತು ಯೋಚನೆ ಮಾಡಿದೆವು. ನನ್ನ ಮಾತು ಸರಳವಾಗಿತ್ತು. "ಸತ್ಯವನ್ನೇ ಹೇಳಿ. ಹೋಗ್ತೇನೆ, ಗಂಜಿ ಉಣ್ತೇನೆ, ಹಲೀಮಕ್ಕ ನನಗೇ ಅಂತ ಬೇರೆ ಪಾತ್ರೆ ಇಟ್ಟಿದ್ದಾರೆ, ಮೀನಿನ ಕೈ ತಾಗದ ಹಾಗೆ ನೋಡಿಕೊಂಡಿದ್ದಾರೆ. ಅಷ್ಟು ಹೇಳಿದ್ರೆ ಯಾರಿಗೆ ಎಂತ ಹೇಳ್ಲಿಕ್ಕುಂಟು?"

"ಹೋದದ್ದೇ ತಪ್ಪು ಅಂತಾರೆ" ಎಂದರು ಭಟ್ರು.

"ಅನ್ನಲಿ. ಮೀನು ತಿಂದಿದ್ದಾರೆ ಅನ್ನುದಕ್ಕಿಂತ ಕಡಿಮೆಯೇ ಅಲ್ವಾ? ಒಂದು ಪ್ರಾಯಶ್ಚಿತ್ತ ಮಾಡಿಸ್ತಾರೆ, ಮುಗೀತು."

"ಹೌದು, ಪಾತ್ರೆಯ ವಿಷಯ ಹೇಳ್ತೇನೆ. ಅದು ಹೇಳದಿದ್ರೆ ನಾನು ಮನುಷ್ಯನೇ ಅಲ್ಲ" ಎಂದರು ಭಟ್ರು. ಹೀಗೆಯೇ ಹೇಳಿದ್ದು, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ.

ಅಕ್ಕನಿಗೆ ಬರಲು ಇಷ್ಟವಿರಲಿಲ್ಲ. ಪುಸ್ತಕದ ಸುದ್ದಿ ನಮ್ಮ ಕಡೆಯೂ ತಿರುಗಾಡಿತ್ತು. ಗಂಡನಿಲ್ಲದ ಹೆಂಗಸು ಪರಗಂಡಸನ್ನು ಕೂರಿಸಿ ಬಡಿಸುವುದು ಎಂಥದ್ದು ಎಂದು ನೆರೆಯ ಹೆಂಗಸರು ಮಾತಾಡಿದ್ದರು. ಅಝರ್ ಗಲ್ಫಿನಿಂದ ಫೋನು ಮಾಡಿ, "ಉಮ್ಮಾ, ಹೋಟೆಲು ನಡೆಸಿದ್ದು ಸಾಕು" ಎಂದಿದ್ದ. "ಭಟ್ರು ಎಲ್ಲರ ಎದುರು ಪಾತ್ರೆಯ ವಿಷಯ ಹೇಳ್ತಾರಂತೆ" ಎಂದು ನಾನು ಹೇಳಿದ ಮೇಲೆ ಅವಳ ಮುಖ ಸ್ವಲ್ಪ ಬೆಳಗಿತು. "ಹೇಳಲಿ. ನಾನು ಯಾರ ಜಾತಿಯನ್ನೂ ಕೆಡಿಸಿದವಳಲ್ಲ ಅಂತ ಗೊತ್ತಾಗಲಿ" ಎಂದು, ಪೆಟ್ಟಿಗೆಯಿಂದ ಒಳ್ಳೆಯ ಬುರ್ಖಾ ತೆಗೆದಳು.

ಕೊಡಿಯಾಲ್‌ಬೈಲಿನ ಹಾಲ್ ಆ ದಿನ ತುಂಬಿತ್ತು. ಪುಸ್ತಕದ ವಿಷಯಕ್ಕೆ ಒಪ್ಪುವ ಹಾಗೆ ಊಟಕ್ಕೂ ಗಂಜಿಯನ್ನೇ ಇಟ್ಟಿದ್ದರು, ದೊಡ್ಡ ಕೇಟರಿಂಗಿನವರು ಮಣ್ಣಿನ ಬಟ್ಟಲಿನಲ್ಲಿ ತಂದದ್ದು. ಗಂಜಿ ಬೇಯಿಸಿ ಬದುಕುವ ಹೆಂಗಸನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಗಂಜಿಯನ್ನು ಬೇರೆಯವರಿಂದ ತರಿಸುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಭಟ್ರ ಅಣ್ಣ ಹಿಂದಿನ ಸಾಲಿನಲ್ಲಿ, ಪಕ್ಕದಲ್ಲಿ ನೀರಜಾಕ್ಷಿ, ಇನ್ನೊಂದು ಪಕ್ಕದಲ್ಲಿ ಶಲ್ಯ ಹೊದ್ದ ನಾಲ್ಕು ಜನ ಊರವರು. ಭಟ್ರು ಎಂದಿನ ಹಾಗೆ ಮುಂದಿನ ಸಾಲಿನ ಮೂಲೆಯಲ್ಲಿ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಹೆದರಿಕೆ ಇರಬಹುದು ಅಂದುಕೊಂಡೆ.

ಪ್ರಾರ್ಥನೆ, ಸ್ವಾಗತ, ಬಣ್ಣದ ಕಾಗದ, ಫೋಟೋ. ಭಾಷಣ ಮಾಡಿದ ಒಬ್ಬೊಬ್ಬರೂ ಬಂಗುಡೆಯ ಮುಳ್ಳನ್ನೇ ಹಿಡಿದುಕೊಂಡರು. ಅಕ್ಕನಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವಳು ಮೈಕಿನ ಮುಂದೆ ನಿಂತು, "ನನಗೆ ಮಾತಾಡ್ಲಿಕ್ಕೆ ಬರುದಿಲ್ಲ. ಭಟ್ರು ಹೇಳ್ತಾರೆ" ಎಂದಷ್ಟೇ ಹೇಳಿದಳು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ಭಟ್ರನ್ನು ಕರೆದರು. ಅರ್ಧ ಜನ ಅಷ್ಟರಲ್ಲೇ ಮಣ್ಣಿನ ಬಟ್ಟಲಿನ ಕಡೆಗೆ ಎದ್ದಿದ್ದರು, ಆದರೆ ಹಿಂದಿನ ಸಾಲು ಅಲ್ಲಾಡಲಿಲ್ಲ. ಭಟ್ರು ಅಧ್ಯಕ್ಷರಿಗೆ ಧನ್ಯವಾದ ಹೇಳಿದರು, ಅತಿಥಿಗಳಿಗೆ ಹೇಳಿದರು, ಹಾಲ್‌ನವರಿಗೆ, ಹೂವಿನವರಿಗೆ ಹೇಳಿದರು. ಸ್ವರ ಸರಿಯಾಗಿಯೇ ಇತ್ತು. ಲೇಖಕರ ಹೆಸರು ಬಂದಾಗ ನಿಂತರು, ಕನ್ನಡಕ ತೆಗೆದು ಒರಸಿದರು. ಆಮೇಲೆ ಬಹಳ ಸಣ್ಣ ಸ್ವರದಲ್ಲಿ ಏನೋ ಹೇಳಿದರು. ಮಿಕ್ಸರಿನ ಹತ್ತಿರ ಕೂತ ನನಗೂ ಅರ್ಧವೇ ಕೇಳಿಸಿದ್ದು.

"ಕೇಳುದಿಲ್ಲ. ಸೌಂಡ್ ಜಾಸ್ತಿ ಮಾಡಿ" ಎಂದು ಹಿಂದಿನ ಸಾಲಿನಿಂದ ಅವರ ಅಣ್ಣ ಹೇಳಿದರು.

ನಾನು ಜಾಸ್ತಿ ಮಾಡಿದೆ. ಭಟ್ರ ಸ್ವರ ಹಿಂದಿನ ಸಾಲಿನವರೆಗೆ ಹೋಗಬೇಕು, ಪಾತ್ರೆಯ ವಿಷಯ ಎಲ್ಲರಿಗೂ ಕೇಳಬೇಕು ಎಂಬ ಆಸೆಯಿಂದ, ಮೈಕು ಕಿರುಚದ ಹಾಗೆ ಎಚ್ಚರದಿಂದ ಏರಿಸಿದೆ.

ಭಟ್ರು ಮತ್ತೊಮ್ಮೆ ಹೇಳಿದರು. "ಪುಸ್ತಕದಲ್ಲಿ ನನ್ನ ಹೆಸರು ಬಂದಿದೆ. ಲೇಖಕರು ಬೇರೆ ಯಾರನ್ನೋ ನಾನೆಂದು ತಿಳಿದಿರಬೇಕು. ಆ ಹೋಟೆಲಿಗೆ ನಾನು ಒಮ್ಮೆಯೂ ಹೋದವನಲ್ಲ. ಈ ತಾಯಿಯನ್ನು ನಾನು ನೋಡುತ್ತಿರುವುದೇ ಇವತ್ತು. ಅವರಿಗೂ ನನ್ನ ವಂದನೆಗಳು."

ಅಕ್ಕನ ಕಡೆಗೆ ತಿರುಗಿ ಕೈ ಮುಗಿದರು. ಅವಳಿಗೆ ಎಂತ ಮಾಡಬೇಕೆಂದು ತಿಳಿಯದೆ, ಮರ್ಯಾದೆಗೆ, ಅವಳೂ ಕೈ ಮುಗಿದಳು. ಶಾಲು ಜಾರಿ ಬಿತ್ತು.

ಇನ್ನೊಂದೇ ಹೆಸರು ಉಳಿದಿತ್ತು. ಅದು ಕೊನೆಗೆ ಬರುವುದು ವಾಡಿಕೆ. "ಧ್ವನಿವರ್ಧಕದವರಿಗೂ ವಂದನೆಗಳು" ಎಂದು ಹೇಳಿ ಭಟ್ರು ಇಳಿದು ಹೋದರು. ನಾನು ಸ್ವಿಚ್ಚು ಆರಿಸಿದೆ.

ನನ್ನ ಸಿಟ್ಟು ಯಾರ ಮೇಲೆ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ಹೆದರಿದ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಸುಲಭ. ನನ್ನ ಜಮಾತಿನಲ್ಲಿ ನನ್ನನ್ನು ಹೀಗೆ ನಿಲ್ಲಿಸಿದ್ದರೆ ನಾನು ಎಂತ ಹೇಳುತ್ತಿದ್ದೆನೋ, ಎದೆ ತಟ್ಟಿ ಹೇಳಲಾರೆ. ಮೀನು ತಿನ್ನಲಿಲ್ಲ ಎಂದು ಹೇಳಿ ಭಟ್ರು ಸರದಿಯನ್ನು ಉಳಿಸಿಕೊಂಡಿದ್ದರೆ ನಾನೇ ಚಪ್ಪಾಳೆ ಹೊಡೆಯುತ್ತಿದ್ದೆ. ಆದರೆ ಅಷ್ಟು ವರ್ಷ ಉಂಡ ಕೈಯನ್ನು ಜೋಡಿಸಿ, ಬಡಿಸಿದವಳ ಮುಖ ನೋಡಿ, ನಿನ್ನನ್ನು ಇವತ್ತೇ ನೋಡಿದೆ ಎನ್ನಲು ಮನುಷ್ಯನಿಗೆ ಹೇಗೆ ಬಾಯಿ ಬರುತ್ತದೆ? ಅದೂ ನಾನು ಏರಿಸಿಕೊಟ್ಟ ಸ್ವರದಲ್ಲಿ.

ವಿಭವನಿಗೆ ಏನೂ ನಷ್ಟವಾಗಲಿಲ್ಲ. ಮುಂದಿನ ವಾರವೇ ಒಂದು ಲೇಖನ ಬರೆದ. ಹೆದರಿಕೆ ಒಬ್ಬ ಸಜ್ಜನನ ಬಾಯಿಯಿಂದ ಎಂಥ ಸುಳ್ಳನ್ನು ಹೇಳಿಸಿತು ಎಂದು ಮರುಗಿ, ಕಣ್ಣೀರು ಬರುವ ಹಾಗೆ ಬರೆದಿದ್ದಾನಂತೆ. ಬಂಗುಡೆ ಅದರಲ್ಲೂ ಇತ್ತಂತೆ. ಆ ಲೇಖನದಿಂದ ಪುಸ್ತಕಕ್ಕೆ ಇನ್ನಷ್ಟು ಹೆಸರು ಬಂತು, ಎರಡನೆಯ ಮುದ್ರಣವೂ ಆಯಿತು. ಅದಕ್ಕೊಂದು ಸಭೆ ಮಾಡಿ ನನ್ನನ್ನು ಕರೆದಿದ್ದರು. ಮೈಕು ಬೇರೆ ಕಡೆ ಇದೆ ಎಂದು ಹೇಳಿದೆ.

ಆ ದಿನ ಹಾಲ್‌ನಿಂದ ಹೋಗುವಾಗ ಅಕ್ಕ ನನ್ನ ಗಾಡಿಯಲ್ಲಿ ಸ್ಪೀಕರುಗಳ ಪಕ್ಕ ಕೂತಿದ್ದಳು. ಸೇತುವೆ ದಾಟಿದೆವು. ಆಮೇಲೆ, "ಮೀನು ತಿನ್ಲಿಲ್ಲ ಅಂತ ಹೇಳಿದ್ರೆ ಸಾಕಿತ್ತು. ಅದು ಸತ್ಯವೇ ಅಲ್ವಾ?" ಎಂದಳು.

"ಹೌದು."

"ಅವರಿಗೆ ಕಷ್ಟ ಉಂಟು, ನನಗೆ ಗೊತ್ತಾಗ್ತದೆ. ಸರದಿ ಮುಗಿದ ಮೇಲೆ ಬರ್ತಾರೆ. ಬಂದು ಹೇಳ್ತಾರೆ." ನಾನು ಗೇರು ಬದಲಿಸಿದೆ.

ಭಟ್ರಿಗೆ ಸರದಿ ಸಿಕ್ಕಿತು. ಆ ತಿಂಗಳು ಪೂರ್ತಿ ಪೂಜೆ ಮಾಡಿದರು, ಊರವರು ಬಂದು ಬಗ್ಗಿ ಪ್ರಸಾದ ತೆಗೆದುಕೊಂಡರು ಎಂದು ಕೇಳಿದ್ದೇನೆ. ಈಗಲೂ ಅವರು ಸಭೆಗಳಲ್ಲಿ ಧನ್ಯವಾದ ಹೇಳುತ್ತಾರೆ, ನಾನು ಮೈಕು ಹಾಕುತ್ತೇನೆ. ಹೂವಿನವರ ಹೆಸರನ್ನು ಹೇಳುತ್ತಾರೆ, ನನ್ನದನ್ನು ಹೇಳುವುದಿಲ್ಲ. ಊಟದ ಪಾತ್ರೆ ಖಾಲಿಯಾಗಿದ್ದರೆ ನೀರು ಕುಡಿದು ಕಂಕನಾಡಿಯ ಕಡೆಗೆ ನಡೆದುಕೊಂಡು ಹೋಗುತ್ತಾರೆ. ಒಮ್ಮೆ ಒಂದೇ ಬಸ್ಸಿಗೆ ಹತ್ತಿದೆವು. ಅವರು ಮುಂದಿನ ಸೀಟಿನಲ್ಲಿ ಕೂತು, ಹೊಸ ಪುಸ್ತಕವನ್ನು ಮುಖದ ಹತ್ತಿರ ಹಿಡಿದುಕೊಂಡರು. ಅದು ಹೇಗಿದೆ ಎಂದು ಕೇಳಲು ನನ್ನ ಬ್ಯಾರಿ ಬಾಯಿ ತುರಿಸುತ್ತಿತ್ತು. ಕೇಳಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಸರದಿ ಮುಗಿದ ಮರುದಿನದ ವಿಷಯ. ಆ ದಿನ ಬೆಳಗ್ಗೆಯೇ ಅಕ್ಕ ಪಾತ್ರೆಯನ್ನು ಮೊಳೆಯಿಂದ ಇಳಿಸಿ ಬೂದಿ ಹಾಕಿ ತಿಕ್ಕಿದಳು. ಹಿತ್ತಿಲಿನಿಂದ ತಿಮರೆ ಕೊಯ್ದು ತಂದು ಚಟ್ನಿ ಕಡೆದಳು, ಬಾಳೆಲೆ ಒರೆಸಿ ಇಟ್ಟಳು, ಬೆಂಚಿನ ತುದಿಯಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಮಧ್ಯಾಹ್ನದ ಗಿರಾಕಿಗಳು ಬಂದು ಉಂಡು ಹೋದರು. ನಾನು ಬಾಗಿಲಲ್ಲಿ ನಿಂತು ಬಸ್ಸಿನಿಂದ ಇಳಿಯುವವರನ್ನು ನೋಡುತ್ತಿದ್ದೆ. ಸಂಜೆಯಾಗುವ ಹೊತ್ತಿಗೆ ಪಾತ್ರೆಯಲ್ಲಿದ್ದ ಗಂಜಿ ಮುದ್ದೆಯಾಗಿತ್ತು. ಅಕ್ಕ ಅದನ್ನು ದನಕ್ಕೆ ಹಾಕಿ, ಪಾತ್ರೆ ತೊಳೆದು ತಂದು ಒಲೆಯ ಮೇಲೆ ಇಟ್ಟಳು. ಆಮೇಲೆ ಕೊಯ್ದಿಟ್ಟ ಬಂಗುಡೆಯನ್ನು ಮಸಾಲೆ ಸಮೇತ ಅದಕ್ಕೆ ಸುರಿದಳು.